ಕತ್ತಲಲ್ಲಿ ಬರುವ ಗುಡುಗು

ಏಪ್ರಿಲ್‌ನಲ್ಲಿ ನಮ್ಮ ಕಡೆ ಗುಡುಗು ಮಳೆ ಹೆಚ್ಚಾಗಿ ಸಂಜೆ ಬರುತ್ತದೆ. ಹಗಲೆಲ್ಲ ನೆಲ ಕಾದು, ಬಿಸಿ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಆದರೆ ಅಮೆರಿಕದ ಕಾನ್ಸಾಸ್, ನೆಬ್ರಾಸ್ಕಾದ ಹುಲ್ಲುಗಾವಲು ಬಯಲಿನಲ್ಲಿ ಬೇಸಿಗೆಯ ಗುಡುಗು ಮಳೆ ಹೆಚ್ಚಾಗಿ ರಾತ್ರಿ ಹೊತ್ತು. ನೆಲ ತಣ್ಣಗಾದ ಮೇಲೂ ಅದಕ್ಕೆ ಶಕ್ತಿ ಎಲ್ಲಿಂದ ಎಂದು ನನಗೆ ಆಶ್ಚರ್ಯವಾಯಿತು.

ಉತ್ತರ ಮೇಲಿದೆ. ಕತ್ತಲಾದ ಮೇಲೆ ನೆಲದಿಂದ ಅರ್ಧ, ಒಂದು ಕಿ.ಮೀ. ಎತ್ತರದಲ್ಲಿ ದಕ್ಷಿಣದಿಂದ ಗಾಳಿ ಜೋರಾಗಿ ಬೀಸುತ್ತದೆ. ಇದನ್ನು ಲೋ ಲೆವೆಲ್ ಜೆಟ್ ಎನ್ನುತ್ತಾರೆ. ಇದು ಮೆಕ್ಸಿಕೋ ಕೊಲ್ಲಿಯ ತೇವಾಂಶವನ್ನು ಹೊತ್ತು ತರುತ್ತದೆ. ಕೆಳಗಿನ ಥರ್ಮಾಮೀಟರ್ ಮಾತ್ರ ನೋಡಿದವರು ಮೋಸಹೋಗುತ್ತಾರೆ. ಮೇಲಿನ ಗಾಳಿಯನ್ನು ಅಳೆಯುವ ಬಲೂನು ಸಾಮಾನ್ಯವಾಗಿ ಹಾರುವುದು ದಿನಕ್ಕೆ ಎರಡೇ ಸಲ. ನಡುವಿನ 12 ಗಂಟೆಗಳಲ್ಲಿ ಎಲ್ಲ ಬದಲಾಗಬಹುದು. ಈ ರಾತ್ರಿ ಮಳೆಯನ್ನು ಅರಿಯಲೆಂದೇ 2015ರಲ್ಲಿ 'ಪೆಕಾನ್' ಎಂಬ ದೊಡ್ಡ ಅಧ್ಯಯನ ನಡೆಯಿತು.

ಕಾಮರ್ಸ್ ಓದುವ ನನಗೆ ಹಿಡಿಸಿದ್ದು ಮುನ್ಸೂಚನೆಯ ಲೆಕ್ಕ. ಓಕ್ಲಹೋಮಾದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ 'ಬರುತ್ತದೆ, ಬರುವುದಿಲ್ಲ' ಎನ್ನದೆ ಶೇಕಡಾವಾರು ಹೇಳುತ್ತದೆ. ಸುಂಟರಗಾಳಿಗೆ ಶೇ. 10 ಎಂದರೆ, ನೀವು ನಿಂತ ಜಾಗದಿಂದ 25 ಮೈಲಿಯೊಳಗೆ ಅದು ಏಳುವ ಸಂಭವ ಹತ್ತರಲ್ಲಿ ಒಂದು. ಪರೀಕ್ಷೆಯಲ್ಲಿ ಹತ್ತು ಅಂಕ ಬಂದರೆ ನಾವು ಅಳುತ್ತೇವೆ, ಅಲ್ಲಿ ಹತ್ತು ಬಂದರೆ ಹೆದರಬೇಕು. ಸಾಮಾನ್ಯ ದಿನ ಅದು ಒಂದೂ ಇರುವುದಿಲ್ಲ.

2007ರ ಮೇ 4ರ ರಾತ್ರಿ ಹತ್ತು ಗಂಟೆಯ ಸುಮಾರಿಗೆ ಕಾನ್ಸಾಸ್‌ನ ಗ್ರೀನ್ಸ್‌ಬರ್ಗ್ ಎಂಬ ಸಣ್ಣ ಊರಿಗೆ ಸುಂಟರಗಾಳಿ ಬಡಿಯಿತು. ಕತ್ತಲಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ. ಆದರೆ ಎಚ್ಚರಿಕೆ ಮೊದಲೇ ಬಂದಿತ್ತು, ಸೈರನ್ ಕೂಗಿತ್ತು, ಜನ ನೆಲಮಾಳಿಗೆಗೆ ಇಳಿದಿದ್ದರು. ಊರಿನ ಸುಮಾರು ಶೇ. 95 ಭಾಗ ನಾಶವಾಯಿತು. ಊರಲ್ಲಿ ಸತ್ತವರು 11 ಮಂದಿ.