ಬಸುರಿನ ಮೊದಲ ಮೂರು ತಿಂಗಳಲ್ಲಿ ರಕ್ತ ಕಂಡರೆ

ಈ ವಾರ ಬೆಳೆ ವಿಷಯ ಅಲ್ಲ. ನಾನು ಓದಿದ್ದು ತೋಟಗಾರಿಕೆ, ಡಾಕ್ಟರಿಕೆ ಅಲ್ಲ. ಆದ್ರೂ "ಮನೆಯವಳಿಗೆ ಎರಡು ತಿಂಗಳು, ರಕ್ತ ಕಾಣಿಸ್ತಿದೆ, ಏನ್ ಮಾಡ್ಲಿ" ಅಂತ ಗೆಳೆಯರು ವಾಟ್ಸಾಪ್ ಮಾಡೋದು ನನಗೇ.

ಮೊದಲ 12 ವಾರದಲ್ಲಿ ನಾಲ್ವರು ಬಸುರಿಯರಲ್ಲಿ ಸುಮಾರು ಒಬ್ಬರಿಗೆ ರಕ್ತ ಕಾಣಿಸುತ್ತೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಬಸುರು ಮುಂದುವರಿಯುತ್ತೆ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವಾಗ, ಮುಟ್ಟಿನ ದಿನದ ಆಸುಪಾಸು, ಒಂದೆರಡು ಹನಿ ಬರಬಹುದು. ಗರ್ಭಕೊರಳಿನ ಸೋಂಕಿನಿಂದಲೂ ಬರುತ್ತೆ.

ಇನ್ನೊಂದು ಕಾರಣ ಗರ್ಭಪಾತ. ಮೊದಲ ತಿಂಗಳುಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ಕ್ರೋಮೋಸೋಮ್ ದೋಷವೇ ಕಾರಣ. ಅದನ್ನು ಯಾರೂ ತಡೆಯೋಕಾಗಲ್ಲ. ಒಂದು ತುಂಡು ಪಪ್ಪಾಯಿ ತಿಂದ್ಲು, ಬಿಂದಿಗೆ ಎತ್ತಿದ್ಲು ಅಂತ ಹೆಂಗಸನ್ನೇ ದೂರುವವರ ಬಾಯಿ ಮುಚ್ಚಿಸೋದು ಗಂಡನ ಕೆಲಸ.

ಜೀವ ತೆಗೆಯೋದು ನಳಿಕೆಯ ಬಸುರು. ನೂರರಲ್ಲಿ ಒಂದೆರಡು ಸಲ ಭ್ರೂಣ ಗರ್ಭಕೋಶದ ಹೊರಗೆ, ಹೆಚ್ಚಾಗಿ ಅಂಡನಾಳದಲ್ಲಿ ಬೆಳೆಯುತ್ತೆ. ಕಿಟ್‌ನಲ್ಲಿ ಆಗಲೂ ಎರಡು ಗೆರೆಯೇ ಬರೋದು, ಹಾಗಾಗಿ ಗೊತ್ತಾಗಲ್ಲ. ನಾಳ ಒಡೆದರೆ ರಕ್ತ ಹೊಟ್ಟೆಯೊಳಗೇ ಸೋರುತ್ತೆ. ಹೊರಗೆ ಕಾಣೋದು ಹನಿ ಮಾತ್ರ. ಕಿಬ್ಬೊಟ್ಟೆಯ ಒಂದು ಪಕ್ಕ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು, ಬೆವರು ಇದ್ದರೆ ಬೆಳಗಾಗಲಿ ಅನ್ನಬೇಡಿ, 108ಕ್ಕೆ ಫೋನ್ ಮಾಡಿ. ಗಂಟೆಗೊಂದು ಪ್ಯಾಡ್ ತೊಯ್ದರೂ ಅಷ್ಟೇ. ಸ್ಕ್ಯಾನ್ ಇಲ್ಲದೆ ಮೆಡಿಕಲ್ ಶಾಪಿನ ಮಾತ್ರೆ ಮಾತ್ರ ಬೇಡವೇ ಬೇಡ. ಗರ್ಭ ತೆಗೆಸುವ ಮಾತ್ರೆಯಿಂದ ನಳಿಕೆಯ ಬಸುರು ಹೋಗಲ್ಲ, ರಕ್ತ ಬಂತು ಅಂತ ಮನೆಯವರು ನೆಮ್ಮದಿಯಾಗಿರುವಾಗ ಒಳಗೆ ಬೆಳೀತಾನೇ ಇರುತ್ತೆ.

ಅಪರೂಪಕ್ಕೆ ಮುತ್ತುಗರ್ಭ ಇರುತ್ತೆ. ದ್ರಾಕ್ಷಿ ಗೊಂಚಲಿನಂಥ ಗುಳ್ಳೆ ಬಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ.

ಹಸು ಕಟ್ಟಿದವರಿಗೆ ಒಂದು ಮಾತು. ಕಂದು ಹಾಕಿದ ಹಸುವಿಗೆ ಬ್ರುಸೆಲ್ಲಾ ಇರಬಹುದು, ಅದು ಮನುಷ್ಯರಿಗೂ ಹರಡುತ್ತೆ, ಗರ್ಭಪಾತಕ್ಕೂ ಕಾರಣ ಆಗಬಹುದು. ಆ ಕಂದು, ಮಾಸು ಎತ್ತೋದು ಬಸುರಿ ಅಲ್ಲ, ನೀವು. ಅದೂ ಗ್ಲೌಸ್ ಹಾಕ್ಕೊಂಡು. ಹಾಲು ಕಾಯಿಸಿಯೇ ಕುಡಿಯಲಿ.

ಆಸ್ಪತ್ರೆಗೆ ತಾಯಿ ಕಾರ್ಡ್ ಒಯ್ಯಿರಿ. ಅವಳ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ನೀವೇ ಬಾಯಿಬಿಟ್ಟು ಹೇಳಿ: ಆಂಟಿ-ಡಿ ಇಂಜೆಕ್ಷನ್ ಬೇಕಾದರೆ 72 ಗಂಟೆಯೊಳಗೆ ಕೊಡಬೇಕು.