ಬಂಧ ಧ್ರುವೀಯ, ಅಣು ಅಲ್ಲ

ಪ್ರಶ್ನೆ: ಕಾರ್ಬನ್ ಡೈಆಕ್ಸೈಡ್‌ನ ಎರಡೂ ಬಂಧಗಳು ಧ್ರುವೀಯ, ಆದರೆ ಅಣು ಅಧ್ರುವೀಯ ಎನ್ನುತ್ತಾರೆ. ನೀರಿನಲ್ಲಿ ಯಾಕೆ ಹಾಗಿಲ್ಲ?
– ಪಿಯುಸಿ ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ನಿಮ್ಮ ಜಿಲ್ಲೆಯ ಸುಣ್ಣದಕಲ್ಲನ್ನು ಸಿಮೆಂಟಿಗಾಗಿ ಸುಡುವಾಗ ಹೊರಬರುವ ಅನಿಲವೇ ಇದು. ಇದರ ಅಣು ನೇರ: ನಡುವೆ ಕಾರ್ಬನ್, ಎರಡು ತುದಿಗೆ ಆಕ್ಸಿಜನ್. ಎರಡೂ ಆಕ್ಸಿಜನ್‌ಗಳು ಎಲೆಕ್ಟ್ರಾನ್‌ಗಳನ್ನು ಸಮನಾಗಿ, ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಸಮಬಲದ ಹಗ್ಗಜಗ್ಗಾಟದಂತೆ ಒಟ್ಟು ಪರಿಣಾಮ ಸೊನ್ನೆ. ನೀರಿನ ಅಣು 104.5 ಡಿಗ್ರಿಗೆ ಬಾಗಿದೆ. ಅಲ್ಲಿ ಎಳೆತಗಳು ಒಂದನ್ನೊಂದು ಅಳಿಸದೆ ಆಕ್ಸಿಜನ್ ಕಡೆಗೆ ಕೂಡಿಕೊಳ್ಳುತ್ತವೆ. ಈ ಒಟ್ಟು ಎಳೆತದ ಅಳತೆಯಾದ ಡೈಪೋಲ್ ಮೊಮೆಂಟ್ 1.85 ಡಿಬೈ. ಸಮಮಿತಿ ಇದ್ದರೆ ಸಾಕು, ಸೊನ್ನೆ ಎಂದು ಮಾತ್ರ ಬರೆಯಬೇಡಿ. ಅಮೋನಿಯದ ಮೂರು ಬಂಧಗಳೂ ಸಮಾನವೇ, ಆದರೆ ಮೂರೂ ಒಂದೇ ಕಡೆಗೆ ವಾಲಿವೆ. ಹಾಗಾಗಿ 1.47 ಡಿಬೈ.

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಸೀರೆಯ ಹತ್ತಿ ನೂಲಿಗೆ ಬಣ್ಣ ಹಾಕುತ್ತಾರೆ. ನೀಲಿಯ ಪುಡಿ ಬರೀ ನೀರಿನಲ್ಲಿ ಕರಗುವುದಿಲ್ಲ. ಕಾಸ್ಟಿಕ್ ಸೋಡಾ, ಹೈಡ್ರೋಸ್ ಹಾಕಿದರೆ ಕರಗುತ್ತದೆ. ಇದಕ್ಕೂ ಸಮಮಿತಿಯೇ ಕಾರಣವೇ?
– ಓದುಗಳು, ಇಳಕಲ್

ಉತ್ತರ: ಭಾಗಶಃ ಹೌದು, ತಂಗಿ. ನೀವು ಹೇಳಿದ ನೀಲಿ ಪುಡಿ ಇಂಡಿಗೋ. ಅದರ ಅಣು ಒಂದೇ ತೆರನಾದ ಎರಡು ಭಾಗಗಳ ಜೋಡಣೆ. ಒಂದು ಭಾಗದ ಕಾರ್ಬನ್–ಆಕ್ಸಿಜನ್ ಬಂಧ ಒಂದು ದಿಕ್ಕಿಗಿದ್ದರೆ, ಇನ್ನೊಂದರದು ನೇರ ಎದುರು ದಿಕ್ಕಿಗೆ. ಅಣುವನ್ನು ಅರ್ಧ ಸುತ್ತು ತಿರುಗಿಸಿದರೂ ಅದೇ ಆಕಾರ. ಆದ್ದರಿಂದ ಬಂಧಗಳು ಬಲವಾಗಿ ಧ್ರುವೀಯವಾಗಿದ್ದರೂ ಇಡೀ ಅಣುವಿನ ಡೈಪೋಲ್ ಸೊನ್ನೆ.

ಆದರೆ ಕರಗದಿರುವುದಕ್ಕೆ ಅದೊಂದೇ ಸಾಲದು. ಡೈಪೋಲ್ ಸೊನ್ನೆಯಾದ ಕಾರ್ಬನ್ ಡೈಆಕ್ಸೈಡ್ ಕುಡಿಯುವ ಸೋಡಾದಲ್ಲಿ ಕರಗಿಯೇ ಇರುತ್ತದಲ್ಲ! ಚಪ್ಪಟೆಯಾದ ಇಂಡಿಗೋ ಅಣುಗಳು ಹರಳಿನಲ್ಲಿ ಒಂದರ ಮೇಲೊಂದು ಒತ್ತಾಗಿ ಕೂತು, ಹೈಡ್ರೋಜನ್ ಬಂಧಗಳಿಂದ ಅಕ್ಕಪಕ್ಕದವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಅವನ್ನು ಬಿಡಿಸುವ ಶಕ್ತಿ ನೀರಿಗಿಲ್ಲ. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಕಾರಣ.

ಹೈಡ್ರೋಸ್ ಇಂಡಿಗೋಗೆ ಎಲೆಕ್ಟ್ರಾನ್‌ಗಳನ್ನು ಕೊಡುತ್ತದೆ. ಕಾಸ್ಟಿಕ್ ಅದನ್ನು ಋಣ ವಿದ್ಯುದಂಶವುಳ್ಳ ಅಯಾನಾಗಿ ಉಳಿಸುತ್ತದೆ. ನೀರು ಒಪ್ಪಿಕೊಳ್ಳುವುದು ಈ ವಿದ್ಯುದಂಶವನ್ನು. ಹೊಸ ರೂಪದಲ್ಲೂ ಎರಡು ಭಾಗಗಳು ಒಂದೇ ತೆರನಾಗಿವೆ ಎಂಬುದನ್ನು ಗಮನಿಸಿ: ಇಲ್ಲಿ ಸಮಮಿತಿ ಮುರಿದು ಬಣ್ಣ ಕರಗಿದ್ದಲ್ಲ. ನೂಲನ್ನು ಎತ್ತಿದಾಗ ಹಳದಿ-ಹಸಿರಾಗಿ ಕಾಣುವುದು ಈ ರೂಪವೇ. ಗಾಳಿಯ ಆಕ್ಸಿಜನ್ ತಾಗಿದಂತೆ ಇಂಡಿಗೋ ಮರಳಿ ಹುಟ್ಟಿ ಎಳೆಯೊಳಗೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಒಗೆದರೂ ನೀಲಿ ಉಳಿಯುತ್ತದೆ, ಬಲವಾಗಿ ತಿಕ್ಕಿದರೆ ಮಾತ್ರ ಮಾಸುತ್ತದೆ.

ಮನೆಯವರಿಗೆ ಒಂದು ಮಾತು ಹೇಳಿ: ಹೈಡ್ರೋಸ್ ಡಬ್ಬಿಗೆ ನೀರಿನ ಪಸೆ ತಾಗಬಾರದು, ತಾನೇ ಕಾದು ಹೊತ್ತಿಕೊಳ್ಳಬಹುದು. ಕಾಸ್ಟಿಕ್ ಮುಟ್ಟುವಾಗ ರಬ್ಬರ್ ಕೈಗವಸು ಇರಲಿ.