ಡಬ್ಬಾ ಮಾನಿಟರೋ, ಚಪ್ಪಟೆ ಪರದೆಯೋ? ಗೇಮ್ ಆಡುವವರಿಗೆ ಹತ್ತು ಸೂತ್ರಗಳು

ಕ್ಯಾತಗಾನಚೆರ್ಲು, ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು. ಪಾವಗಡ ಸೋಲಾರ್ ಪಾರ್ಕ್ ಹರಡಿಕೊಂಡಿರುವ ಊರುಗಳಿವು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಹೊಲ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಣ ಶುರುವಾಯಿತು. ಈ ಕಡೆಯ ಮನೆಯಲ್ಲಿ ಮಗ "ಅಪ್ಪಾ, ಗೇಮ್‌ಗೆ ಮಾನಿಟರ್ ಬೇಕು" ಅಂದರೆ, ಆ ದುಡ್ಡು ಬರುವುದು ಎಷ್ಟೋ ಸಲ ಆ ಹೊಲದ ಗುತ್ತಿಗೆಯಿಂದಲೇ. ಒಂದು ರೂಪಾಯಿಯೂ ಪೋಲಾಗಬಾರದು. ಕೆಲವೇ ನೂರು ರೂಪಾಯಿಗೆ ಸಿಗುವ ಸೆಕೆಂಡ್ ಹ್ಯಾಂಡ್ ಡಬ್ಬಾ (ಸಿಆರ್‌ಟಿ) ಮಾನಿಟರ್ ಒಂದು ಕಡೆ, ಸಾವಿರಾರು ರೂಪಾಯಿಯ ಚಪ್ಪಟೆ ಪರದೆ ಇನ್ನೊಂದು ಕಡೆ. ಎರಡರಲ್ಲೂ ಆಡಿದವನಾಗಿ ಈ ಹತ್ತು ಮಾತು ಹೇಳುತ್ತಿದ್ದೇನೆ.

1. ಮೊದಲು ಆಟ, ಆಮೇಲೆ ಪರದೆ

ನೀವು ಹೆಚ್ಚು ಹೊತ್ತು ಆಡುವ ಮೂರು ಆಟಗಳ ಹೆಸರು ಬರೆಯಿರಿ. ಕೌಂಟರ್-ಸ್ಟ್ರೈಕ್ 1.6, ವೈಸ್ ಸಿಟಿ, ರೋಡ್ ರ‍್ಯಾಶ್ ಇವೆಲ್ಲ ಅಗಲ 4, ಎತ್ತರ 3ರ ಅಳತೆಯ ಪರದೆಗಳ ಕಾಲದವು. ಡಬ್ಬಾದಲ್ಲಿ ತುಂಬಿ ನಿಲ್ಲುತ್ತವೆ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಬಂದಿರುವುದು 16:9ರ ಅಗಲ ಪರದೆಯ ಕಾಲದಲ್ಲಿ. ಕೌಂಟರ್-ಸ್ಟ್ರೈಕ್ 2 ಅನ್ನು ಡಬ್ಬಾದಲ್ಲಿ ಆಡಿದರೆ ಎಡಬಲದಿಂದ ಬರುವ ಎದುರಾಳಿ ತಡವಾಗಿ ಕಣ್ಣಿಗೆ ಬೀಳುತ್ತಾನೆ. ಪಟ್ಟಿಯೇ ಅರ್ಧ ಉತ್ತರ ಕೊಡುತ್ತದೆ.

2. ಡಬ್ಬಾವನ್ನು ಹೀಗಳೆಯಬೇಡಿ

ಹಳೆಯ ಮಾನಿಟರಿನಲ್ಲಿ ಎಲೆಕ್ಟ್ರಾನ್ ಕಿರಣ ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಲೇಪದ ಮೇಲೆ ಗೆರೆ ಗೆರೆಯಾಗಿ ಓಡುತ್ತದೆ. ಕಿರಣ ತಾಗಿದ ಚುಕ್ಕಿ ಕ್ಷಣಮಾತ್ರ ಬೆಳಗಿ ಆರುತ್ತದೆ. ಚಪ್ಪಟೆ ಪರದೆ ಹಾಗಲ್ಲ, ಮುಂದಿನ ಚಿತ್ರ ಬರುವವರೆಗೂ ಹಿಂದಿನದನ್ನು ಹಿಡಿದೇ ಇರುತ್ತದೆ. ಓಡುವ ವಸ್ತುವಿನ ಹಿಂದೆ ಕಣ್ಣು ಓಡುವಾಗ ಆ ನಿಂತ ಚಿತ್ರ ಸವರಿದಂತೆ ಕಾಣುತ್ತದೆ. ಎರಡರಲ್ಲೂ ಒಂದು ಪುಟದ ಅಕ್ಷರಗಳನ್ನು ಬೇಗ ಮೇಲಕ್ಕೆ ಉರುಳಿಸಿ ನೋಡಿ. 60 ಹರ್ಟ್ಸ್ ಚಪ್ಪಟೆ ಪರದೆಯಲ್ಲಿ ಅಕ್ಷರ ಕಲಸಿಹೋಗುತ್ತದೆ, ಒಳ್ಳೆಯ ಡಬ್ಬಾದಲ್ಲಿ ಓದಲು ಬರುತ್ತದೆ. ಡಕ್ ಹಂಟ್‌ನಲ್ಲಿ ಬಾತುಕೋಳಿ ಹೊಡೆಯುತ್ತಿದ್ದ ಟಿವಿ ಗೇಮಿನ ಬಂದೂಕು ಇಂದಿಗೂ ಡಬ್ಬಾ ಟಿವಿಯ ಮುಂದೆ ಮಾತ್ರ ಕೆಲಸ ಮಾಡುವುದು, ಅದು ನೆಚ್ಚುವುದು ಹಳೆಯ ಗಾಜು ಮಿನುಗುವ ರೀತಿಯನ್ನೇ.

3. ಹರ್ಟ್ಸ್ ಲೆಕ್ಕ ಬಾಯಿಪಾಠ ಮಾಡಿ

ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬ ಎಣಿಕೆ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 100ರಲ್ಲಿ 10, 144ರಲ್ಲಿ ಸುಮಾರು 6.9. ನಿಲ್ಲುವ ಹೊತ್ತು ಇಳಿದಷ್ಟೂ ಮಸುಕು ಕಡಿಮೆ. ಹಳೆಯ ಡಬ್ಬಾದ ಎದುರು ಚಪ್ಪಟೆ ಪರದೆ ಗಟ್ಟಿಯಾಗಿ ನಿಂತಿದ್ದು ಹೀಗೆ. ಡಬ್ಬಾ ಇಟ್ಟುಕೊಂಡವರು ಅದನ್ನು 60ರಲ್ಲಿ ಬಿಡಬೇಡಿ, ಮಿನುಗಿ ಮಿನುಗಿ ತಲೆನೋವು ಬರುತ್ತದೆ. 17 ಇಂಚಿನದಾದರೆ 1024×768ರಲ್ಲಿ ಸಾಮಾನ್ಯವಾಗಿ 85 ಹರ್ಟ್ಸ್ ಸಿಗುತ್ತದೆ.

4. ಹಾಸಿಗೆ ಇದ್ದಷ್ಟೇ ಕಾಲು ಚಾಚಿ

ಪರದೆ 144 ಹರ್ಟ್ಸ್ ಇದ್ದು, ಕಂಪ್ಯೂಟರ್ ಸೆಕೆಂಡಿಗೆ 45 ಚಿತ್ರ ಮಾತ್ರ ಕೊಟ್ಟರೆ ಆ ಹೆಚ್ಚುವರಿ ದುಡ್ಡು ನೀರಿನಲ್ಲಿ ಹೋಮ. ಕೊಳ್ಳುವ ಮುಂಚೆ ಆಟ ತೆರೆದು, ವಿಂಡೋಸ್ ಕೀ ಜೊತೆ ಜಿ ಒತ್ತಿ, ಎಫ್‌ಪಿಎಸ್ (ಸೆಕೆಂಡಿಗೆ ಚಿತ್ರಗಳ ಸಂಖ್ಯೆ) ಎಷ್ಟು ಬರುತ್ತಿದೆ ನೋಡಿ. 60ರ ಆಸುಪಾಸಿದ್ದರೆ 75 ಅಥವಾ 100 ಹರ್ಟ್ಸ್ ಪರದೆ ಸಾಕು. 120 ದಾಟಿದರೆ 144ಕ್ಕೆ ಅರ್ಥವಿದೆ.

5. ಹಿಂದೆ ತಿರುಗಿಸಿ ಪಿನ್ನು ನೋಡಿ

ಡಬ್ಬಾಕ್ಕೆ ಬೇಕಾದ್ದು ನೀಲಿ ಬಣ್ಣದ, ಹದಿನೈದು ಪಿನ್ನಿನ ವಿಜಿಎ ಕೇಬಲ್. ಈಚಿನ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಆ ಕಿಂಡಿಯೇ ಇಲ್ಲ. ಕನ್ವರ್ಟರ್ ಕೊಳ್ಳಬೇಕು, ಅಗ್ಗದ ಕನ್ವರ್ಟರ್ ಹರ್ಟ್ಸ್ ಕಡಿಮೆ ಮಾಡುವುದೂ ಉಂಟು. ಚಪ್ಪಟೆ ಪರದೆಗೆ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲ್ಲನ್ನೇ ಬಳಸಿ. ವಿಜಿಎಯಲ್ಲಿ ಕೊಟ್ಟರೆ ಹೊಸ ಪರದೆಯೂ ಮಂಕಾಗುತ್ತದೆ.

6. ಕರೆಂಟನ್ನೂ ಬೆಲೆಗೆ ಸೇರಿಸಿ

ಊರ ಸುತ್ತ ಸೋಲಾರ್ ಪ್ಯಾನೆಲ್ ಇದ್ದರೂ ಪಾರ್ಕಿನ ವಿದ್ಯುತ್ತು ಗ್ರಿಡ್‌ಗೆ ಹೋಗುತ್ತದೆ, ಮನೆಯ ಪ್ಲಗ್ಗಿಗೆ ಬರುವುದು ಬೆಸ್ಕಾಂ ಲೈನು. 80 ವ್ಯಾಟ್ ಎಳೆಯುವ ಡಬ್ಬಾವನ್ನು ದಿನಕ್ಕೆ 4 ಗಂಟೆ ಹಾಕಿದರೆ ತಿಂಗಳಿಗೆ 9.6 ಯೂನಿಟ್. 25 ವ್ಯಾಟಿನ ಚಪ್ಪಟೆ ಪರದೆಗೆ 3 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿಯ ಅಂಚಿನಲ್ಲಿರುವ ಮನೆಗೆ ಆ 6.6 ಯೂನಿಟ್ ಸಣ್ಣದಲ್ಲ. ಕರೆಂಟು ಹೋದಾಗ ಯುಪಿಎಸ್ ಬ್ಯಾಟರಿಯೂ ಚಪ್ಪಟೆ ಪರದೆಯ ಜೊತೆ ಹೆಚ್ಚು ಹೊತ್ತು ಬಾಳುತ್ತದೆ. ಆಟವನ್ನು ಸೇವ್ ಮಾಡಿ ಮುಚ್ಚಲು ಆ ಹೊತ್ತು ಬೇಕು.

7. ಮೇಜು ಅಳೆಯಿರಿ, ಕಿಟಕಿ ನೋಡಿ

17 ಇಂಚಿನ ಡಬ್ಬಾ ಹದಿನೈದು ಕಿಲೋಗೂ ಹೆಚ್ಚು ತೂಗುತ್ತದೆ. ಮೇಜಿನ ಆಳವನ್ನೆಲ್ಲ ಅದೇ ತಿಂದು, ಕೀಬೋರ್ಡ್ ನಿಮ್ಮ ತೊಡೆಯ ಮೇಲೆ ಬರುತ್ತದೆ. 17 ಇಂಚು ಎಂದರೂ ಕಣ್ಣಿಗೆ ಕಾಣುವುದು 16ರಷ್ಟೇ. ನಮ್ಮ ಕಡೆಯ ಬಿಸಿಲು ಅದರ ಉಬ್ಬು ಗಾಜಿನ ಮೇಲೆ ಬಿದ್ದರೆ ಆಟದ ಬದಲು ಕಿಟಕಿಯೇ ಕಾಣುತ್ತದೆ. ಪರದೆ ಯಾವುದೇ ಇರಲಿ, ಬೆಳಕು ಪಕ್ಕದಿಂದ ಬರುವಂತೆ ಇಡಿ. ಒಂದು ತೋಳಿನಷ್ಟು ದೂರ ಕೂರಿ.

8. ಹೆಚ್ಚಿನವರಿಗೆ ಹೊಂದುವ ಆಯ್ಕೆ ಇದು

ಹೊಸದು ಕೊಳ್ಳುವುದಾದರೆ 22ರಿಂದ 24 ಇಂಚು, 1920×1080, ಐಪಿಎಸ್ ಪ್ಯಾನೆಲ್, 100 ಹರ್ಟ್ಸ್. ಓದು, ಸಿನಿಮಾ, ಆಟ ಮೂರಕ್ಕೂ ಆಗುತ್ತದೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿ ಕಾಣುತ್ತದೆ, ಆದರೆ ಕತ್ತಲೆ ದೃಶ್ಯಗಳ ಓಟ ಮಸುಕಾಗಬಹುದು. ಟಿಎನ್ ವೇಗದ್ದು, ಬಣ್ಣ ಬಡವಾದದ್ದು. ಫ್ರೀಸಿಂಕ್ ಇದ್ದರೆ ಒಳ್ಳೆಯದು, ಎಫ್‌ಪಿಎಸ್ ಏರಿಳಿದರೂ ಚಿತ್ರ ಹರಿದಂತೆ ಕಾಣುವುದಿಲ್ಲ. ಮನೆಯಲ್ಲಿ ಕೆಲಸ ಮಾಡುವ ಡಬ್ಬಾ ಆಗಲೇ ಇದ್ದು, ಆಡುವುದು ಹಳೆಯ ಆಟಗಳನ್ನೇ ಆದರೆ, ದುಡ್ಡು ಉಳಿಸಿ ಅದರಲ್ಲೇ ಆಡಿ. ಅದಕ್ಕಾಗಿ ಹೊಸದಾಗಿ ಡಬ್ಬಾ ಹುಡುಕಿಕೊಂಡು ಹೋಗಬೇಡಿ.

9. ಹಚ್ಚಿ ನೋಡದೆ ದುಡ್ಡು ಕೊಡಬೇಡಿ

ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಮ್ಮೆ ಡಬ್ಬಾ ಮಾನಿಟರ್ ತಂದಿದ್ದೆ. ಬಸ್ಸಿನಲ್ಲಿ ಪಾವಗಡದವರೆಗೂ ತೊಡೆಯ ಮೇಲೆ ಹೊತ್ತು ತಂದು ಹಚ್ಚಿದರೆ, ಬಲ ಮೂಲೆಯಲ್ಲಿ ನೇರಳೆ ಕಲೆ. ಮಾರಿದವರು ತೋರಿಸಿದ್ದು ಬರೀ ಕಪ್ಪು ಪರದೆ, ನಾನೂ ಬೇರೆ ಬಣ್ಣ ಕೇಳಿರಲಿಲ್ಲ. ಅಂದಿನಿಂದ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಐದೂ ಬಣ್ಣವನ್ನು ಪರದೆ ತುಂಬ ಹಾಕಿಸಿಯೇ ನೋಡುತ್ತೇನೆ. ಚಪ್ಪಟೆಯಾದರೆ ಸತ್ತ ಚುಕ್ಕಿ ಹುಡುಕಿ. ಡಬ್ಬಾ ಆದರೆ ಅಂಚಿನ ಗೆರೆ ಬಾಗಿದೆಯೇ, ಅಕ್ಷರ ಮಸುಕಾಗಿದೆಯೇ ನೋಡಿ. ಬಿಲ್ಲು, ವಾರಂಟಿ ಕಾರ್ಡು ಕೈಗೆ ಬರಲಿ. ಮನೆಗೆ ಬಂದ ತಕ್ಷಣ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಹರ್ಟ್ಸ್ ಬದಲಿಸಿ. 144ರ ಪರದೆ ಕೊಂಡು ವರ್ಷಗಟ್ಟಲೆ 60ರಲ್ಲೇ ಆಡುವವರಿದ್ದಾರೆ.

10. ಡಬ್ಬಾ ಬಿಚ್ಚಬೇಡಿ, ಒಡೆಯಬೇಡಿ

ರಿಪೇರಿ ಮಾಡೋಣ ಎಂದು ಹಿಂದಿನ ಮುಚ್ಚಳ ತೆಗೆಯುವುದು ಬೇಲಿಯ ಮೇಲಿನ ಓತಿಕ್ಯಾತವನ್ನು ಮೈಮೇಲೆ ಬಿಟ್ಟುಕೊಂಡಂತೆ. ಒಳಗೆ 20,000 ವೋಲ್ಟ್‌ಗೂ ಮೇಲೆ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದರ ಅಂಶ ಉಳಿದಿರುತ್ತದೆ. ಕೆಟ್ಟುಹೋದದ್ದನ್ನು ತಾಮ್ರಕ್ಕಾಗಿ ಒಡೆಯುವ ಗುಜರಿಗೆ ಕೊಡಬೇಡಿ. ಆ ಗಾಜಿನಲ್ಲಿ ಸೀಸವಿದೆ. ಚೂರುಗಳನ್ನು ತಿಪ್ಪೆಗೋ ಕೆರೆಯಂಗಳಕ್ಕೋ ಎಸೆದರೆ ಸೀಸ ಮಣ್ಣಿಗೆ, ಮಣ್ಣಿನಿಂದ ನೀರಿಗೆ ಇಳಿಯಬಹುದು. ತುಮಕೂರಿಗೋ ಬೆಂಗಳೂರಿಗೋ ಹೋಗುವಾಗ ಇ-ತ್ಯಾಜ್ಯ ಪಡೆಯುವ ಅಧಿಕೃತ ಕೇಂದ್ರಕ್ಕೆ ಕೊಟ್ಟು ಬನ್ನಿ. ಗುತ್ತಿಗೆ ಮುಗಿದ ದಿನ ನಿಮ್ಮ ಹೊಲ ಮತ್ತೆ ನಿಮ್ಮ ಮನೆಯ ಕೈಗೆ ಬರುತ್ತದೆ. ಅದರಲ್ಲಿ ಮತ್ತೆ ಶೇಂಗಾ ಬಿತ್ತುವವರಿಗೆ ಮಣ್ಣು ಶುದ್ಧವಾಗಿ ಸಿಗಲಿ.